ಏಣಿಯ ಹಿಂದಿನ ತುದಿ

ಬೆಳಗಾಗಿ ಬಹಳ ಹೊತ್ತಾದರೂ ಅಡುಗೆಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವಳು ಒಲೆಯ ಮುಂದೆ ನಿಂತು ಹಾಲು ಕಾಯುವುದನ್ನು ನೋಡುತ್ತಿದ್ದಳು. ಎಲ್ಲೋ ಏನೋ ಸರಿಯಿಲ್ಲ ಎಂದು ಇಬ್ಬರಿಗೂ ಅನಿಸುತ್ತಿತ್ತು, ಏನೆಂದು ಮಾತ್ರ ತಿಳಿಯುತ್ತಿರಲಿಲ್ಲ. ನಾಲ್ಕು ದಿನ ಎರವಲು ಕೊಟ್ಟಿದ್ದ ಪಾತ್ರೆಗಳನ್ನು ತೆಗೆದುಕೊಂಡು ಹೋಗಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಏನಮ್ಮಾ, ನಿಮಗಿನ್ನೂ ಬೆಳಗಾಗಿಲ್ವಾ?" ಅಂದಾಗ ಹೊಳೆಯಿತು: ಮನೆಯ ಒಂದು ಕಿಟಕಿಯೂ ತೆರೆದಿರಲಿಲ್ಲ. ಕಿಟಕಿ ತೆರೆಯುವುದು ಮಾವನ ಕೆಲಸವಾಗಿತ್ತು. ಎಲ್ಲರಿಗಿಂತ ಮುಂಚೆ ಎದ್ದು, ಒಂದೊಂದೇ ಕಿಟಕಿಯನ್ನು ತೆರೆದು, ಒಂದೊಂದರಿಂದಲೂ ತಲೆ ಹೊರಗೆ ಹಾಕಿ ನೋಡಿ, ಆಚೆಯ ಆಕಾಶ ಬೇರೆಬೇರೆಯೇನೋ ಎಂಬಂತೆ, "ಅಡುಗೆಮನೆ ಕಡೆ ಮೋಡ. ಪಡಸಾಲೆ ಕಡೆ ಪರವಾಗಿಲ್ಲ," ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಈ ನಾಲ್ಕು ದಿನ ಮನೆ ತುಂಬ ಇದ್ದ ನೆಂಟರಲ್ಲಿ ಯಾರೋ ತೆರೆದಿರಬೇಕು. ನಿನ್ನೆ ಸಂಜೆ ಕೊನೆಯವರೂ ಹೊರಟರು. ಹಾಗಾದರೆ ಇದೇ ಮೊದಲನೆಯ ದಿನ, ಅಂದುಕೊಂಡಳು. ಯಾವುದರ ಮೊದಲನೆಯ ದಿನ ಎಂದು ಮುಂದಕ್ಕೆ ಯೋಚಿಸಲಿಲ್ಲ.

ತನ್ನ ಕೋಣೆಯ ಕಿಟಕಿ ಎಷ್ಟು ಎಳೆದರೂ ಬರಲಿಲ್ಲ. ಮಾವ ಎಲ್ಲೋ ಒಂದು ಕಡೆ ಅಂಗೈಯಿಂದ ಗುದ್ದುತ್ತಿದ್ದರು. ಎಲ್ಲಿ ಎಂದು ಅವಳು ಒಮ್ಮೆಯೂ ಗಮನಿಸಿರಲಿಲ್ಲ. ಸೊಸೆಯಾಗಿ ಬಂದ ಮೇಲೆ ಈ ಕಿಟಕಿಯನ್ನು ಅವಳು ತಾನಾಗಿ ತೆರೆದೇ ಇರಲಿಲ್ಲ. ಅವರು ಬಾಗಿಲು ತಟ್ಟಿ, ತಲೆ ತಗ್ಗಿಸಿಕೊಂಡು ಒಳಗೆ ಬಂದು, ತೆರೆದು, ಹವಾಮಾನ ಹೇಳಿ ಹೋಗುತ್ತಿದ್ದರು. ಗಂಡ ಮುಸುಕೆಳೆದುಕೊಂಡು, "ಅಪ್ಪಾ, ಮದುವೆ ಆದವರ ರೂಮು ಇದು," ಎಂದರೆ, "ಮದುವೆ ಆದವರಿಗೂ ಗಾಳಿ ಬೇಕಪ್ಪ," ಅನ್ನುತ್ತಿದ್ದರು. ಗಂಡ ಸತ್ತ ಮಾರನೆಯ ಬೆಳಿಗ್ಗೆಯೂ ಅವರು ಬಂದಿದ್ದರು. ರಸ್ತೆಯಲ್ಲಿ, ಯಾರದೋ ಲಾರಿಯ ಕೆಳಗೆ, ಒಂದು ಸಾಧಾರಣ ಮಧ್ಯಾಹ್ನ ಮುಗಿದುಹೋದ ಮಗನ ಹಾಸಿಗೆಯ ಕಡೆ ನೋಡದೆ ಕಿಟಕಿಯವರೆಗೆ ಹೋಗಿ ಗುದ್ದಿ ತೆರೆದು, "ಗಾಳಿ ಇದೆ ಮಗು," ಎಂದು ಹೊರಟುಹೋದರು. ಆವತ್ತು ಅವರು ತಲೆ ಹೊರಗೆ ಹಾಕಿ ಆಕಾಶ ನೋಡದೆ ಹೋದದ್ದನ್ನು ಅವಳು ನೋಡಿದ್ದಳು. ನೋಡಿದ್ದು ಒಳಗೆ ಇಳಿದಿರಲಿಲ್ಲ.

ಒಳಗೆ ಏನೂ ಇಳಿಯುತ್ತಲೇ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಾವಿನ ಬಗ್ಗೆ ಒಂದು ಪೂರ್ತಿ ಪತ್ರಿಕೆ ಇತ್ತು. ಅದರಲ್ಲಿ ಇಡೀ ತರಗತಿಗೆ ಅವಳದೇ ಹೆಚ್ಚಿನ ಅಂಕ. ಗಂಡ ಹೋದ ದಿನ ಆ ಪತ್ರಿಕೆಯ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಈಗ ಮಾವನ ಅಂತ್ಯಸಂಸ್ಕಾರದಲ್ಲೂ ಅಷ್ಟೆ. ಊರಿಗೆ ಊರೇ ಬಂದಿತ್ತು. ಅವರಿಂದ ಈಜು ಕಲಿತವರು, ಅವರ ಕಾಟ ತಡೆಯಲಾರದೆ ಬೈದುಕೊಂಡಿದ್ದ ಪುರಸಭೆಯ ಗುಮಾಸ್ತರು, ಬೆಳಗಿನ ವಾಕಿಂಗಿನ ಬೂಟಿನಲ್ಲೇ ಓಡಿಬಂದ ಮುದುಕರು. ಅವಳು ಮಾತ್ರ ಮುಂದೆ ನಿಂತಿದ್ದವನ ಬೂಟಿನ ದಾರ ಬಿಚ್ಚಿರುವುದನ್ನೇ ನೋಡುತ್ತ, ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದಳು. ಹಿಂದಿನಿಂದ ಒಬ್ಬಾಕೆ ಇನ್ನೊಬ್ಬಾಕೆಗೆ, "ಗಂಡ ಹೋದಾಗಲೂ ಹೀಗೇ ನಿಂತಿದ್ದಳಂತೆ, ಮರ ನಿಂತ ಹಾಗೆ," ಅಂದದ್ದು ಕೇಳಿಸಿತು. ಕಿವಿ ಬಿಸಿಯಾಯಿತು. ಮರಗಳೆಂದರೆ ಪ್ರಾಣವಾಗಿದ್ದ ಮಾವ ಇದನ್ನು ಹೊಗಳಿಕೆ ಎಂದೇ ತಿಳಿಯುತ್ತಿದ್ದರು ಎಂಬುದು ಆಮೇಲೆ ಹೊಳೆದು, ಅಂಥ ಹೊತ್ತಿನಲ್ಲಿ ತುಟಿಯ ಮೇಲೆ ನಗು ಬಂದುಬಿಟ್ಟಿತು. ಅದನ್ನೂ ಆಕೆ ನೋಡಿರಬೇಕು.

ಅದೇ ದಿನ ಅಂಗಳದಲ್ಲಿ ಅವಳ ಅಣ್ಣ, "ಇನ್ನು ಇಲ್ಲಿ ಯಾರಿಗೋಸ್ಕರ ಇರ್ತೀಯ? ಮೂರು ದಿನದ ಕಾರ್ಯ ಮುಗೀಲಿ, ಬಂದು ಕರ್ಕೊಂಡು ಹೋಗ್ತೀನಿ," ಅಂದಿದ್ದ. ಅವಳು "ಹೂಂ" ಅಂದಿದ್ದಳು. ಈ ನಾಲ್ಕು ದಿನ ಎಲ್ಲದಕ್ಕೂ ಹೂಂ ಅಂದ ಹಾಗೆ. ಪಕ್ಕದಲ್ಲೇ ಚಾಪೆ ಸುತ್ತುತ್ತಿದ್ದ ಅತ್ತೆ ತಲೆಯೆತ್ತದೆ, "ಕರ್ಕೊಂಡು ಹೋಗಪ್ಪ. ಅವಳಿಗೂ ಒಂದು ಬದಲಾವಣೆ ಬೇಕು," ಅಂದರು. ಆ ಮಾತನ್ನು ಅವಳು ಮಗುಚಿ ಮಗುಚಿ ನೋಡಿದ್ದಳು. ಅದರಲ್ಲಿ ಕಳಿಸುವ ಆತುರವೂ ಕಾಣಲಿಲ್ಲ, ಉಳಿಸಿಕೊಳ್ಳುವ ಆಸೆಯೂ ಕಾಣಲಿಲ್ಲ. ಅತ್ತೆಯ ಮಾತೇ ಹಾಗೆ, ಒಗೆದು ಹಿಂಡಿ ಒಣಗಿಸಿದ್ದು. ಗಂಡನಿಲ್ಲದ ಮನೆಯಲ್ಲಿ ಇಷ್ಟು ದಿನ ಅವಳನ್ನು ಇರಿಸಿಕೊಂಡದ್ದು ಮಾವ. ಈಗ ಅವರೂ ಇಲ್ಲವೆಂದ ಮೇಲೆ ತಾನು ಈ ಮನೆಗೆ ಸೊಸೆಯೋ, ಹೊರಡುವುದನ್ನು ಮರೆತ ನೆಂಟಳೋ, ಇಷ್ಟು ತಿಳಿದರೆ ಸಾಕಿತ್ತು. ಕೇಳುವುದು ಹೇಗೆ? ಬ್ಯಾಗು ಮಂಚದ ಕೆಳಗೆ ಸಿದ್ಧವಾಗಿತ್ತು. ಅಣ್ಣ ಸಂಜೆಯ ಬಸ್ಸಿಗೆ ಬರುವವನಿದ್ದ.

ಪಡಸಾಲೆಯ ಕಿಟಕಿ ತೆರೆದಾಗ ಕುರ್ಚಿಯ ಮೇಲೆ ಒರಗಿಸಿಟ್ಟಿದ್ದ ಮಾವನ ಫೋಟೋದ ಮೇಲೆ ಬೆಳಕು ಬಿತ್ತು. ನೇತುಹಾಕೋಣವೆಂದರೆ ಮನೆಯಲ್ಲಿ ಎಲ್ಲೂ ಮೊಳೆ ಇರಲಿಲ್ಲ. "ಊರಿನ ಮರದ ಮೊಳೆಯೆಲ್ಲ ಕೀಳ್ತಾರೆ, ಮನೇಲಿ ಒಂದು ಕ್ಯಾಲೆಂಡರ್ ತೂಗುಹಾಕೋಕೆ ಗತಿಯಿಲ್ಲ," ಎಂದು ಅತ್ತೆ ಜೀವಮಾನವೆಲ್ಲ ಗೊಣಗಿದ್ದರು. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸುತ್ತ ಗುಡ್ಡಬಯಲು ಅಳೆದವರು ಅವರು. ಕೆಲಸದಿಂದ ನಿವೃತ್ತಿಯಾಯಿತು, ಕಾಲಿಗೆ ಆಗಲಿಲ್ಲ. ಕೆರೆಯ ಸುತ್ತಲಿನ ಕಾಲುದಾರಿಗೆ ಅಡ್ಡವಾಗಿ ಒಂದು ಕ್ಲಬ್ಬಿನವರು ಗೋಡೆ ಎಬ್ಬಿಸಿದಾಗ, ದಿನಾ ಬೆಳಿಗ್ಗೆ ನಡೆದುಹೋಗಿ, ಯಾರಾದರೂ ಬಾಗಿಲು ತೆಗೆಯುತ್ತಾರೇನೋ ಎಂಬಂತೆ ಗೋಡೆಯ ಎದುರು ಸ್ವಲ್ಪ ಹೊತ್ತು ನಿಂತು ವಾಪಸಾಗುತ್ತಿದ್ದರು. ಅಲ್ಲಿಂದ ಪುರಸಭೆಗೆ. ಅಲ್ಲಿ ಕೂರಲು ಹೇಳುತ್ತಿರಲಿಲ್ಲವಾದ್ದರಿಂದ ಮಡಚುವ ಸ್ಟೂಲೊಂದನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಅಧಿಕಾರಿಗಳು ಬದಲಾದರು, ಕಟ್ಟಡ ಬದಲಾಯಿತು, ಸ್ಟೂಲು ಬದಲಾಗಲಿಲ್ಲ. ಕೊನೆಗೆ ಗೋಡೆ ಬಿದ್ದಾಗ ಅವರಿಗೆ ಎಪ್ಪತ್ತು ದಾಟಿತ್ತು. ಹಾರ ತಂದವರನ್ನು ಬಿಟ್ಟು ಕೆರೆ ಸುತ್ತಿ ಮನೆಗೆ ಬಂದು, "ಸುತ್ತು ಪೂರ್ತಿಯಾಯ್ತು ಕಣೇ," ಎಂದು ಹೆಂಡತಿಗೆ ಹೇಳಿ ಕಾಲಿಗೆ ಬಿಸಿನೀರು ಕೇಳಿದರಂತೆ. ಅದೇ ಕೆರೆಯಲ್ಲಿ ಊರಿನ ಅರ್ಧ ಮಕ್ಕಳು ಅವರ ಅಂಗೈ ಮೇಲೆ ಹೊಟ್ಟೆಯೂರಿ ತೇಲಲು ಕಲಿತರು. ಅವಳ ಗಂಡನೂ. "ಅಪ್ಪ ಕೈ ತೆಗೆದದ್ದು ಯಾವಾಗ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ," ಎಂದು ಅವನು ಹೇಳುತ್ತಿದ್ದ. ಮಗನ ತಲೆಕೂದಲನ್ನು ಅವನು ಕಾಲೇಜಿಗೆ ಹೋಗುವವರೆಗೂ ಮಾವನೇ ಕತ್ತರಿಸಿದ್ದು, ಮನೆಯವರೆಲ್ಲರ ಅಂಗಿಗೆ ಗುಂಡಿ ಹೊಲಿಯುತ್ತಿದ್ದದ್ದೂ ಅವರೇ. ಅತ್ತೆಗೆ ಹೊರಗೆ ಅಂದರೆ ಆಗದು. "ಧೂಳು, ನಾಯಿ, ಜನ. ಇದರಲ್ಲಿ ಯಾವುದನ್ನ ನೋಡೋಕೆ ಹೋಗ್ಲಿ?" ಅದಕ್ಕೇ ಮಾವ ದಿನವೂ ಹೊರಗನ್ನು ಒಳಗೆ ತರುತ್ತಿದ್ದರು. ಯಾವ ಮರ ಚಿಗುರಿತು, ಕೆರೆಯಲ್ಲಿ ನೀರು ಎಲ್ಲಿಗೆ ಬಂತು, ಹೊಸ ಹಕ್ಕಿ ಯಾವ ಕಲ್ಲಿನ ಮೇಲೆ ಕೂತಿತ್ತು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತ, "ಆಮೇಲೆ?" ಅನ್ನುತ್ತಿದ್ದರು.

"ಆ ಏಣಿ," ಅಂದರು ಅತ್ತೆ, ಅಡುಗೆಮನೆಯಿಂದಲೇ. "ಬೋರ್ಡಿನವನದ್ದು. ಪಾಪ, ಅವನಿಗೆ ಕೇಳೋಕೆ ಮುಖ ಇಲ್ಲ. ಅವನ ಕೆಲಸ ನಿಂತಿರುತ್ತೆ."

ಜಗಲಿಯ ಉದ್ದಕ್ಕೂ ಬಿದಿರಿನ ಏಣಿ ಮಲಗಿತ್ತು. ನಾಲ್ಕು ದಿನ ಜನ ಅದನ್ನು ದಾಟಿಕೊಂಡು ಓಡಾಡಿದ್ದರು. ಒದ್ದೆ ಟವೆಲು ಹಾಕಿದ್ದರು, ಮೆಟ್ಟಿಲುಗಳ ನಡುವೆ ಚಪ್ಪಲಿ ಬಿಟ್ಟಿದ್ದರು. ಆ ಭಾನುವಾರ ಮರದ ಮೊಳೆ ಕಿತ್ತು ಬಂದ ಮಾವ, "ಸಂಜೆ ಕೊಟ್ಟು ಬರೋಣ ಮಗು, ಯಾಕೋ ಕಾಲು ಸೋತಿದೆ," ಎಂದು ಅದನ್ನು ಅಲ್ಲಿಟ್ಟು ಊಟ ಮಾಡಿ ಮಲಗಿದವರು ಏಳಲಿಲ್ಲ. ಟ್ಯೂಷನ್ನು, ಹಲ್ಲಿನ ಡಾಕ್ಟರು, ಬಾಡಿಗೆ ಮನೆ, ಹೀಗೆ ತಗಡಿನ ಬೋರ್ಡು ಬರೆದು ಸಾಲುಮರಗಳಿಗೆ ಹೊಡೆಯುವವನು ಬೋರ್ಡಿನವನು. ಅವನದೇ ಏಣಿಯನ್ನು ಎರವಲು ತಂದು, ಅವನೇ ಹೊಡೆದ ಮೊಳೆ ಕಿತ್ತು, ಬೋರ್ಡುಗಳನ್ನು ಒರೆಸಿ ಏಣಿಯ ಜೊತೆಗೇ ವಾಪಸು ಕೊಡುವುದು ಮಾವನ ಪದ್ಧತಿ. "ಸಾಹೇಬ್ರೇ, ನನ್ನ ಏಣಿ ಹತ್ತಿ ನನ್ನ ಹೊಟ್ಟೆ ಮೇಲೇ ಹೊಡೀತೀರಲ್ಲ," ಎಂದು ಅವನು; "ನಿನ್ನ ಬೋರ್ಡು ನಿನಗೇ ತಂದ್ಕೊಟ್ಟಿದೀನಲ್ಲಯ್ಯಾ, ಕಂಬಕ್ಕೆ ಕಟ್ಟು ಹೋಗು," ಎಂದು ಮಾವ. ಗಂಡ ಇಬ್ಬರ ದನಿಯಲ್ಲೂ ಇದನ್ನು ಮಾಡಿ ತೋರಿಸುತ್ತಿದ್ದ. ಅವನು ಹೋಗಿ ಕೆಲವು ತಿಂಗಳಾದ ಮೇಲೆ, ಕೋಣೆ ಬಿಟ್ಟು ಏಳದೆ ಬಿದ್ದುಕೊಂಡಿದ್ದ ಅವಳ ಬಾಗಿಲಲ್ಲಿ ಮಾವ ನಿಂತು, "ಏಣಿ ತರಬೇಕು. ಒಬ್ಬನಿಗೆ ಆಗಲ್ಲ. ಹಿಂದಿನ ತುದಿ ಹಿಡ್ಕೋತೀಯಾ?" ಅಂದಿದ್ದರು. ಒಲ್ಲೆ ಅನ್ನಲೂ ಶಕ್ತಿ ಬೇಕು, ಅದಿಲ್ಲದೆ ಎದ್ದು ಹೋಗಿದ್ದಳು. ಏಣಿ ಹೊತ್ತವರನ್ನು ನಿಲ್ಲಿಸಿ ಯಾರೂ ಸಮಾಧಾನ ಹೇಳುವುದಿಲ್ಲ, ದಾರಿ ಬಿಡುತ್ತಾರೆ. ಹಿಂದಿನ ತುದಿಯಿಂದ ಕಾಣುವುದು ಮುಂದಿನವರ ಕುತ್ತಿಗೆ ಮಾತ್ರ. ಮುಖ ತೋರಿಸಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ತಿರುವು ಬಂದರೆ ಮಾವ ಬಿದಿರನ್ನು ಮೆಲ್ಲಗೆ ಅದುಮುತ್ತಿದ್ದರು, ನಿಲ್ಲಬೇಕಾದರೆ ತುಸು ಹಿಂದಕ್ಕೆ ತಳ್ಳುತ್ತಿದ್ದರು. ಅಷ್ಟೇ ಸಂಭಾಷಣೆ. ಮರದ ಕೆಳಗೆ ಅವರು ಏಣಿ ಹಿಡಿಯುವುದು, ಅವಳು ಹತ್ತುವುದು. ಮೊದಲ ಮೊಳೆ ಕಿರ್ರೆಂದು ಹೊರಬಂದಾಗ ಎದೆಯಲ್ಲಿ ಏನೋ ಸಡಿಲವಾದಂತಾಗಿ, ಅವಳು ಮೇಲಿನಿಂದಲೇ, "ಬಂತು ಮಾವ," ಎಂದು ಕೂಗಿದ್ದಳು. ತಿಂಗಳುಗಳ ನಂತರ ಅವಳ ಬಾಯಿಂದ ತಾನಾಗಿ ಬಂದ ಮಾತು ಅದು. ಮಾವ ಮೇಲೆ ನೋಡಲಿಲ್ಲ. "ಇನ್ನೊಂದಿದೆ ನೋಡು, ಎಡಕ್ಕೆ," ಅಂದರು.

"ನಾನೊಬ್ಬಳೇ ಹೇಗೆ ಒಯ್ಯಲಿ ಅತ್ತೆ?" ಅಂದಳು ಈಗ.

ಅತ್ತೆ ಬೆಳ್ಳುಳ್ಳಿಯ ಕೈ ಒರೆಸಿಕೊಂಡು ಎದ್ದರು. ಹೊರಗೆ ಹೋಗುವ ಅವರ ಚಪ್ಪಲಿ ಒಣಗಿ ಸೆಟೆದುಕೊಂಡು, ಕಾಲು ತೂರಿಸಿದ ಕೂಡಲೇ ಬಾರು ಕಿತ್ತುಬಂತು. ಸ್ವಲ್ಪ ಹೊತ್ತು ಅದನ್ನು ನೋಡಿ, ಮೂಲೆಯಲ್ಲಿದ್ದ ಮಾವನ ಕ್ಯಾನ್ವಾಸ್ ಬೂಟನ್ನು ಎಳೆದುಕೊಂಡು ಹಾಕಿಕೊಂಡರು. "ಅಳತೆ ಸರಿಯಾಗೇ ಇದೆ ನೋಡೇ. ಇಷ್ಟು ವರ್ಷ ಗೊತ್ತೇ ಇರಲಿಲ್ಲ." ಆಮೇಲೆ ಏಣಿಯ ಮುಂದಿನ ತುದಿಗೆ ಹೋಗಿ ನಿಂತರು. "ನಿನಗೆ ಹಿಂದೆ ಅಭ್ಯಾಸ ಇದೆಯಲ್ಲ. ಹಿಡಿ."

ಅತ್ತೆಗೆ ಏಣಿಯ ಭಾಷೆ ಬರುತ್ತಿರಲಿಲ್ಲ. ಹೇಳದೆ ನಿಲ್ಲುತ್ತಿದ್ದರು, ಹೇಳದೆ ತಿರುಗುತ್ತಿದ್ದರು. ಪ್ರತಿ ಸಲವೂ ಬಿದಿರು ಅವಳ ಹೆಗಲಿಗೆ ಬಡಿಯುತ್ತಿತ್ತು. ಮೂಲೆಯ ಅಂಗಡಿಯ ಮುಂದೆ ಹಿಂದಿನ ತುದಿ ಬೀಸಿ, ತೂಗುಹಾಕಿದ್ದ ಪೊರಕೆಗಳು ಸಾಲಾಗಿ ಕೆಳಗೆ ಬಿದ್ದವು. ಅಂಗಡಿಯವನು ಬಯ್ಯಲು ಬಾಯಿ ತೆರೆದವನು ಗುರುತು ಹಿಡಿದು, ತಾನೇ ತಪ್ಪು ಮಾಡಿದವನಂತೆ ಆರಿಸಿಕೊಳ್ಳತೊಡಗಿದ. ಅವಳಿಗೆ ನಾಚಿಕೆಯಿಂದ ಮೈ ಕುಗ್ಗಿತು. ಕರುಣೆ ತೋರಿಸಿದಾಗಲೆಲ್ಲ ಹೀಗೆ. ಬೈದಿದ್ದರೆ ಚೆನ್ನಾಗಿತ್ತು. ಸೈಕಲ್ಲಿನವನೊಬ್ಬ ಗೊತ್ತಿಲ್ಲದೆ, "ಏನಜ್ಜೀ, ಬಣ್ಣ ಹೊಡೆಯೋಕೆ ಹೊರಟ್ರಾ?" ಅಂದ. "ಹೂಂ ಕಣಪ್ಪ, ನಿನ್ನ ಮುಖಕ್ಕೆ," ಅಂದರು ಅತ್ತೆ, ನಡಿಗೆ ನಿಲ್ಲಿಸದೆ. ಅವರಿಗೆ ಇಂಥ ಮಾತು ಬೀದಿಯಲ್ಲೂ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬೀದಿ ಮುಗಿದು ಕೆರೆ ಕಂಡಿತು. ಅತ್ತೆ ನಿಂತರು. ಬಿಸಿಲಲ್ಲಿ ನೀರು ಸುಮ್ಮನೆ ಬಿದ್ದುಕೊಂಡಿತ್ತು. ಕಾಲುದಾರಿ ಅದನ್ನು ಎಲ್ಲೂ ತುಂಡಾಗದೆ ಬಳಸಿಕೊಂಡು ಹೋಗಿತ್ತು.

"ಇದೇನಾ?"

"ಹೌದು ಅತ್ತೆ."

ತುಂಬ ಹೊತ್ತು ನೋಡಿದರು. "ಅವರು ಹೇಳ್ತಿದ್ದದ್ದಕ್ಕಿಂತ ಚಿಕ್ಕದು," ಅಂದರು.

ಮತ್ತೆ ಹೊರಟಾಗ ಹೆಗಲ ಮೇಲಿನ ಬಿದಿರು ಸಣ್ಣಗೆ ಅದುರುತ್ತಿತ್ತು. ಭಾರಕ್ಕೆ ಕೈ ಸೋತಿರಬೇಕು ಎಂದುಕೊಂಡು, "ಇಳಿಸೋಣವಾ?" ಎಂದು ಕೇಳಿದಳು. ಅತ್ತೆ ಬೇಡವೆಂದು ತಲೆಯಾಡಿಸಿದರು. ಅವರ ಕುತ್ತಿಗೆ ನೆಟ್ಟಗಿತ್ತು, ಹೆಜ್ಜೆ ಒಂದೇ ಸಮ ಇತ್ತು. ಅದುರು ಮಾತ್ರ ಬರುತ್ತಲೇ ಇತ್ತು, ಒಂದೊಂದು ಮೆಟ್ಟಿಲನ್ನೂ ದಾಟಿ, ಅವಳ ಅಂಗೈಗೆ, ಹೆಗಲಿಗೆ, ದವಡೆಗೆ. ಆಗ ಅರ್ಥವಾಯಿತು. ಮನೆ ತುಂಬ ಜನ ಇದ್ದಷ್ಟು ದಿನವೂ ಚಾಪೆ ಸುತ್ತಿ, ಪಾತ್ರೆ ಎಣಿಸಿ, ಬಂದವರಿಗೆ ನೀರು ಕೊಟ್ಟು ಓಡಾಡಿದ್ದವರು ಈಗ ಕೆರೆಯ ದಾರಿಯಲ್ಲಿ, ಸೊಸೆಗೆ ಮುಖ ಕಾಣದ ಹಾಗೆ, ಅಳುತ್ತಿದ್ದರು. ಅವಳು ಬಿದಿರನ್ನು ತುಸು ಗಟ್ಟಿಯಾಗಿ ಹಿಡಿದಳು, ಅಷ್ಟೆ. ಅದು ಅತ್ತ ತಲುಪಿತೋ ಏನೋ.

ಬೋರ್ಡಿನವನು ಬಾಗಿಲಲ್ಲಿ ಕೂತು ಕುಂಚ ತೊಳೆಯುತ್ತಿದ್ದವನು ಗಡಬಡಿಸಿ ಎದ್ದ. "ಅಯ್ಯೋ, ನೀವ್ಯಾಕೆ ಹೊತ್ಕೊಂಡು ಬಂದ್ರಿ ಅಮ್ಮಾ? ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ." ಏಣಿಯನ್ನು ಇಳಿಸಿಕೊಳ್ಳಲು ಕೈ ಚಾಚಿ, ಅತ್ತೆಯ ಕಾಲಿನ ಬೂಟು ನೋಡಿ ಹಾಗೇ ನಿಂತ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, "ಹಾಗಾದ್ರೆ ಇನ್ನು ಆ ಒಣಮರಕ್ಕೆ ಹೊಡೆಯೋದು ಬೇಡ, ಅಲ್ವಾಮ್ಮಾ?" ಅಂದ.

"ಸುಮ್ನಿರಯ್ಯಾ," ಅಂದರು ಅತ್ತೆ.

"ಯಾವ ಒಣಮರ?" ಅಂದಳು ಅವಳು.

ಬೋರ್ಡಿನವನು ಒಮ್ಮೆ ಅತ್ತೆಯನ್ನು, ಒಮ್ಮೆ ಅವಳನ್ನು ನೋಡಿದ. "ನಿಮಗೆ ಗೊತ್ತು ಅಂದ್ಕೊಂಡೆ ಅಕ್ಕಾ. ನಾನು ಮರಕ್ಕೆ ಮೊಳೆ ಹೊಡೆಯೋದು ಬಿಟ್ಟು ಯಾವ ಕಾಲ ಆಯ್ತು. ಸಾಹೇಬ್ರ ಕಾಟಕ್ಕೇ ಬಿಟ್ಟೆ ಅನ್ನಿ. ಹಳೇದೆಲ್ಲ ಅವರೊಬ್ಬರೇ ಕಿತ್ತು ಮುಗಿಸಿದ್ರು, ಈ ಏಣಿ ಕತ್ತಿಗೆ ಹಾಕ್ಕೊಂಡು ಒಬ್ಬರೇ ಓಡಾಡ್ತಿದ್ರು. ನಿಮ್ಮ ಮನೆಯವರು ಹೋದ ಮೇಲೆ ಒಂದಿನ ಬಂದು ಇಲ್ಲೇ ನಿಂತ್ರು. ಒಂದೊಂದೇ ಕುಂಚ ಎತ್ತಿ ನೋಡ್ತಾರೆ, ಇಡ್ತಾರೆ. ಕೊನೆಗೆ, 'ಒಂದೆರಡು ಬೋರ್ಡು ಹೊಡಿಯಯ್ಯಾ, ಒಣಗಿದ ಮರಕ್ಕೆ ಮಾತ್ರ, ಸಡಿಲವಾಗಿ,' ಅಂದ್ರು. ನಾನು, ಸಾಹೇಬ್ರೇ, ತಲೆ ಸರಿ ಇದೆಯಾ ಅಂತ ಕೇಳೇಬಿಟ್ಟೆ. 'ನನ್ನ ಬುದ್ಧಿ ಅಲ್ಲ ಕಣಯ್ಯಾ, ಮನೆಯವಳದ್ದು. ಆ ಮಗು ಹೊರಗೆ ಬರಬೇಕಂತೆ,' ಅಂದ್ರು."

ಅವಳು ಬಿಸಿಲಲ್ಲಿ ನಿಂತೇ ಇದ್ದಳು. ಎಷ್ಟು ಭಾನುವಾರಗಳು. ಕೆರೆಯ ಆಚೆ ದಡದ ಸಿಡಿಲು ಬಡಿದ ಮರ, ಶಾಲೆಯ ಹಿಂದಿನ ಮೋಟು ಮರ, ಬಸ್‌ಸ್ಟಾಪಿನ ತೊಗಟೆ ಕಳಚಿದ ಮರ. ಹಸಿರು ಮರ ಒಂದಾದರೂ ಇತ್ತೇ ಎಂದು ನೆನಪು ಮಾಡಿಕೊಂಡಳು, ಇರಲಿಲ್ಲ. ಮೊಳೆಗಳು ಅಷ್ಟು ಸಲೀಸಾಗಿ ಬರುತ್ತಿದ್ದದ್ದು ತನ್ನ ಕೈ ಪಳಗಿದ್ದರಿಂದ ಎಂದು ಒಳಗೊಳಗೇ ಹಿಗ್ಗಿದ್ದಳು. ಜೀವನವಿಡೀ ಮೊಳೆಯನ್ನು ದ್ವೇಷಿಸಿದ ಮುದುಕ ಕೆಳಗೆ ನಿಂತು, ಮೇಲೆ ನೋಡದೆ, ತಾನೇ ಹೊಡೆಸಿದ ಮೊಳೆ ಅವಳ ಕೈಯಲ್ಲಿ ಹೊರಬರುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಅದನ್ನು ಯೋಚಿಸಿಕೊಟ್ಟವರು, ಒಂದು ದಿನವೂ ಹೊಸಿಲು ದಾಟದೆ, ಅವಳು ಮನೆಗೆ ಬಂದಾಗ ಕೈ ತೊಳೆಯಲು ನೀರು ತೋರಿಸಿ, "ಎಷ್ಟು ಕಿತ್ರಿ?" ಎಂದಷ್ಟೇ ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಅವಳು ಕುಹಕ ಅಂದುಕೊಂಡಿದ್ದಳು.

"ಏನ್ ಮಾಡೋದು, ಊರಲ್ಲಿ ಮೊಳೆ ಮುಗಿದುಹೋಗಿತ್ತು," ಅಂದರು ಅತ್ತೆ, ಗೋಡೆಗೊರಗಿಸಿದ್ದ ಅರ್ಧ ಬರೆದ ಬೋರ್ಡೊಂದನ್ನು ಓದುತ್ತಿರುವವರ ಹಾಗೆ. "ಅವರಿಗೆ ಕೀಳೋದು ಬಿಟ್ಟು ಬೇರೇನು ಬರ್ತಿತ್ತು? ಮೊದಲು ಒಪ್ಪಲೇ ಇಲ್ಲ. ಊಟದ ಮುಂದೆ ಮುಖ ಊದಿಸ್ಕೊಂಡು ಕೂತಿದ್ರು. ಸತ್ತ ಮರಕ್ಕೆ ನೋವಾಗಲ್ಲ, ಬದುಕಿರೋಳಿಗೆ ಆಗ್ತಿದೆ, ಹೋಗಿ ಹೊಡೆಸ್ಕೊಂಡು ಬನ್ನಿ ಅಂದೆ."

ಅವಳ ಮುಖದ ಮೇಲೆ ಏನೋ ಹರಿದು ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಏಣಿ ಇತ್ತು. ಹರಿಯಲೆಂದು ಹಾಗೇ ಬಿಟ್ಟಳು. ಬೋರ್ಡಿನವನು ಅದನ್ನು ನೋಡದವನಂತೆ ಒಳಗೋಡೆಯ ಎರಡು ಕಬ್ಬಿಣದ ಕೊಕ್ಕೆಗಳನ್ನು ತೋರಿಸಿದ. ಅತ್ತೆ ತಮ್ಮ ತುದಿಯನ್ನು ಎತ್ತಲು ಹೋಗಿ ಎಟುಕದೆ, ಬೂಟಿನ ಮುಂಗಾಲ ಮೇಲೆ ನಿಂತು, ಕೊನೆಗೂ ಸಿಕ್ಕಿಸಿದರು.

"ಅಕ್ಕ ಇವತ್ತು ಸಂಜೆ ಊರಿಗೆ ಹೊರಟಿದ್ದಾರಂತೆ," ಅಂದ ಅವನು. "ಮತ್ತೆ ಯಾವಾಗ ಬರೋದು ಅಕ್ಕಾ?"

"ಯಾರು ಹೇಳಿದ್ದು?" ಅಂದಳು.

ಬೋರ್ಡಿನವನು ತಬ್ಬಿಬ್ಬಾಗಿ ಅತ್ತೆಯ ಕಡೆ ನೋಡಿದ.

"ನಾನಂತೂ ಹೇಳಿಲ್ಲಪ್ಪ," ಅಂದರು ಅತ್ತೆ.

ಅವಳು ಹಿಂದಿನ ತುದಿಯನ್ನು ಎತ್ತಿ ಕೊಕ್ಕೆಯ ಮೇಲೆ ಕೂರಿಸಿದಳು. ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು. ಕೈ ತೆಗೆದಳು.